ಅವಧಿ ತೀರಿದ ಕೀಲಿಕೈ



ಇಮೇಲಿನ ಗುಟ್ಟನ್ನು ಕಾಯುವುದಕ್ಕೆಂದು ರಚಿತವಾಗಿರುವ ತಂತ್ರಾಂಶಗಳನ್ನು ಬಳಸುವವರಿಗೆ ಒಂದಲ್ಲ ಒಂದು ದಿನ ಒದಗಿಯೇ ತೀರುವ ಒಂದು ತೊಡಕು ಈ ದಿನದ ಭಾಷಣದ ವಿಷಯ. ನಿನ್ನೆಯವರೆಗೂ ಯಾವ ತಕರಾರೂ ಇಲ್ಲದೆ ಗೂಢಲಿಪಿಯಲ್ಲಿ ಹೋಗುತ್ತಿದ್ದ ಪತ್ರವನ್ನು ಈ ಬೆಳಗ್ಗೆ ಕಂಪ್ಯೂಟರು ಕಳಿಸಲೊಲ್ಲದು. ಕಾರಣವನ್ನು ಕೇಳಿದರೆ, ಈ ವಿಳಾಸದವರ ಕೀಲಿಯ ಅವಧಿ ಮುಗಿದಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆಗ ಕೆಲವರು ಬೇಸತ್ತು ಪತ್ರವನ್ನು ಬಯಲಾಗಿಯೇ ಕಳಿಸಿಬಿಡುತ್ತಾರೆ. ಮತ್ತೆ ಕೆಲವರು ಇದ್ದ ಕೀಲಿಯನ್ನು ಅಳಿಸಿಹಾಕಿ ಹೊಸದೊಂದನ್ನು ಮಾಡಿಕೊಳ್ಳುತ್ತಾರೆ. ಮೊದಲಿನವರು ಗುಟ್ಟನ್ನು ಕಳೆದುಕೊಳ್ಳುತ್ತಾರೆ. ಎರಡನೆಯವರು ಅದುವರೆಗೆ ತಮಗೆ ಬಂದ ಪತ್ರಗಳನ್ನೇ ಕಳೆದುಕೊಳ್ಳುತ್ತಾರೆ. ಎರಡೂ ಅನಾವಶ್ಯಕವಾದ ನಷ್ಟಗಳು. ತೊಡಕಿನ ಮೂಲವೆಲ್ಲಿದೆಯೆಂದು ಕ್ರಮವಾಗಿ ವಿಚಾರಿಸಿ ನೋಡಿದರೆ, ಕೀಲಿ ಹಳತಾಯಿತು ಎಂಬ ಒಂದೇ ದೂರಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿರುವುದೂ, ಆ ಮೂರಕ್ಕೂ ಪರಿಹಾರ ಬೇರೆ ಬೇರೆಯಾಗಿರುವುದೂ ತಿಳಿದುಬರುತ್ತದೆ. ಅವನ್ನು ಒಂದೊಂದಾಗಿ ವಿವರಿಸುವುದೇ ನನ್ನ ಉದ್ದೇಶ.

ಮೊದಲು, ಕೀಲಿಯೆಂದರೆ ಏನೆಂಬುದನ್ನು ಸಂಕ್ಷೇಪವಾಗಿ ತಿಳಿಯೋಣ.

ಶತಮಾನಗಳ ಕಾಲ ಗೂಢಲಿಪಿಯ ಬಳಕೆಗೆ ಒಂದು ದೊಡ್ಡ ಅಡ್ಡಿಯಿದ್ದಿತು. ಬರೆಯುವವರಲ್ಲಿಯೂ ಓದುವವರಲ್ಲಿಯೂ ಒಂದೇ ಕೀಲಿ ಇರಬೇಕಾಗಿತ್ತು. ಆ ಕೀಲಿಯನ್ನು ಮುಂಚಿತವಾಗಿಯೇ ಗುಟ್ಟಾಗಿ ಒಬ್ಬರಿಂದೊಬ್ಬರಿಗೆ ತಲಪಿಸಬೇಕಾಗಿತ್ತು. ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬಿಬ್ಬರು ೧೯೭೬ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಅಡ್ಡಿಯನ್ನು ದಾಟುವ ದಾರಿಯನ್ನು ತೋರಿಸಿತು. ಮರುವರ್ಷ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಆ ದಾರಿಗೆ ಬಳಸಲು ಯೋಗ್ಯವಾದ ಗಣಿತವನ್ನು ಒದಗಿಸಿದರು. ಅವರ ಹೆಸರುಗಳ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. ಈ ಪದ್ಧತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಜೋಡಿ ಕೀಲಿ. ಜೋಡಿಯಲ್ಲಿ ಒಂದು ಬಹಿರಂಗ ಕೀಲಿ. ಅದನ್ನು ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು ರಹಸ್ಯ ಕೀಲಿ. ಅದು ಒಡೆಯರ ಕೈಯನ್ನು ಬಿಟ್ಟು ಹೋಗಕೂಡದು. ನಿಮ್ಮ ಬಹಿರಂಗ ಕೀಲಿಯಿಂದ ನಾನು ಮುಚ್ಚಿದ ಪತ್ರವನ್ನು ನಿಮ್ಮ ರಹಸ್ಯ ಕೀಲಿಯೊಂದೇ ತೆರೆಯಬಲ್ಲದು. ಮುಚ್ಚಿದ ಮೇಲೆ ನಾನೂ ತೆರೆಯಲಾರೆ.

ಈ ವಿದ್ಯೆಯನ್ನು ಸಾಮಾನ್ಯರ ಇಮೇಲಿಗೆ ತಂದವರು ಅಮೆರಿಕದ ಫಿಲ್ ಜಿಮರ್‌ಮನ್. ೧೯೯೧ರಲ್ಲಿ ಅವರು ಪ್ರೆಟಿ ಗುಡ್ ಪ್ರೈವಸಿ, ಸಂಕ್ಷೇಪವಾಗಿ ಪಿಜಿಪಿ, ಎಂಬ ತಂತ್ರಾಂಶವನ್ನು ಹೊರತಂದರು. ಬಲವಾದ ಗೂಢಲಿಪಿಯನ್ನು ಮದ್ದುಗುಂಡುಗಳ ಪಟ್ಟಿಗೆ ಸೇರಿಸಿ ಅದರ ರಫ್ತನ್ನು ನಿರ್ಬಂಧಿಸಿದ್ದ ಆ ದೇಶದಲ್ಲಿ, ಈ ತಂತ್ರಾಂಶವು ಗಡಿ ದಾಟಿ ಹೊರಗೆ ಹೋಯಿತೆಂಬ ಕಾರಣದಿಂದ ಅವರ ಮೇಲೆ ಸುಮಾರು ಮೂರು ವರ್ಷ ವಿಚಾರಣೆ ನಡೆದು, ಯಾವ ಆರೋಪವನ್ನೂ ಹೊರಿಸದೆ ೧೯೯೬ರಲ್ಲಿ ಮುಕ್ತಾಯವಾಯಿತು. ಬಳಿಕ ಈ ಪದ್ಧತಿಗೆ ಓಪನ್‌ಪಿಜಿಪಿ ಎಂಬ ಸಾಮಾನ್ಯ ಮಾನಕ ಏರ್ಪಟ್ಟಿತು. ಜರ್ಮನಿಯ ವರ್ನರ್ ಕಾಖ್ ೧೯೯೯ರಲ್ಲಿ ಗ್ನೂಪಿಜಿ ಎಂಬ ಮುಕ್ತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಇಂದು ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಈ ಸೌಕರ್ಯ ಒಳಗೇ ಸೇರಿಕೊಂಡಿದೆ.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಯಿತು. ರಹಸ್ಯ ಕೀಲಿ ಒಡೆಯರ ಬಳಿ ಮಾತ್ರ ಇರುತ್ತದೆ. ಬಹಿರಂಗ ಕೀಲಿಯ ಪ್ರತಿಗಳು, ಆ ಒಡೆಯರಿಗೆ ಪತ್ರ ಬರೆಯುವವರು ಎಷ್ಟು ಮಂದಿಯೋ ಅಷ್ಟು ಕಡೆ ಇರುತ್ತವೆ. ಮುಂದೆ ಹೇಳುವ ತೊಂದರೆಗಳಿಗೆಲ್ಲ ಬೀಜ ಬಹುಮಟ್ಟಿಗೆ ಇಲ್ಲಿಯೇ ಇದೆಯೆಂಬುದನ್ನು ದಯವಿಟ್ಟು ಜ್ಞಾಪಕದಲ್ಲಿಡಿ.

ಇನ್ನು, ಕೀಲಿಗೆ ಅವಧಿಯೇಕೆ? ಗಣಿತಕ್ಕೆ ವಯಸ್ಸಾಗುವುದಿಲ್ಲವಷ್ಟೆ?

ಗಣಿತಕ್ಕೆ ವಯಸ್ಸಾಗದಿದ್ದರೂ ಮನುಷ್ಯರಿಗೆ ಮರೆವು ಬರುತ್ತದೆ. ರಹಸ್ಯ ಕೀಲಿಯನ್ನು ಕಾಯುವ ಪಾಸ್‌ವರ್ಡ್ ಮರೆತುಹೋಗುತ್ತದೆ, ಕಂಪ್ಯೂಟರ್ ಕೆಟ್ಟು ರಹಸ್ಯ ಕೀಲಿ ಅದರೊಡನೆಯೇ ಹೋಗುತ್ತದೆ, ಒಡೆಯರು ಕಾಲವಾಗುವುದೂ ಉಂಟು. ಆದರೆ ಬಹಿರಂಗ ಕೀಲಿಗಳನ್ನು ಜಗತ್ತಿಗೆ ಹಂಚುವುದಕ್ಕೆಂದು ಬಹುಕಾಲ ಬಳಕೆಯಲ್ಲಿದ್ದ ಕೀಲಿ ಸರ್ವರುಗಳ ಜಾಲವು, ಒಮ್ಮೆ ಸೇರಿಸಿದ್ದನ್ನು ಎಂದಿಗೂ ಅಳಿಸಕೂಡದೆಂಬ ನಿಯಮದ ಮೇಲೆ ಕಟ್ಟಲ್ಪಟ್ಟಿದ್ದಿತು. ಸರಕಾರವೊಂದು ಒತ್ತಾಯದಿಂದ ಯಾರ ಕೀಲಿಯನ್ನೂ ಅಳಿಸದಿರಲಿ ಎಂಬ ಸದುದ್ದೇಶವೇ ಆ ನಿಯಮಕ್ಕೆ ಕಾರಣ. ಅದರ ಫಲವಾಗಿ, ಒಡೆಯರೇ ತೆರೆಯಲಾರದ ಎಷ್ಟೋ ಅನಾಥ ಕೀಲಿಗಳು ಅಲ್ಲಿ ಉಳಿದುಕೊಂಡವು. ಅವುಗಳನ್ನು ನಂಬಿ ಪತ್ರ ಮುಚ್ಚಿದವರ ಮಾತು ಯಾರಿಗೂ ಓದಲು ಬಾರದಂತಾಯಿತು. ಅವಧಿಯೆಂಬುದು ಇದಕ್ಕೆ ಕಂಡುಕೊಂಡ ಉಪಾಯ. ಈ ದಿನಾಂಕದವರೆಗೆ ಈ ಕೀಲಿ ನನ್ನ ವಶದಲ್ಲಿದೆಯೆಂದು ಭಾವಿಸಿರಿ, ಆಮೇಲೆ ನನ್ನಿಂದ ಮತ್ತೆ ಸುದ್ದಿ ಬಾರದಿದ್ದರೆ ಇದನ್ನು ಬಳಸಬೇಡಿರಿ ಎಂದು ಒಡೆಯರು ಜಗತ್ತಿಗೆ ಕೊಟ್ಟ ಮಾತು ಅದು. ಥಂಡರ್‌ಬರ್ಡ್ ಹೊಸ ಕೀಲಿಗೆ ತಾನಾಗಿ ಸೂಚಿಸುವ ಅವಧಿ ಮೂರು ವರ್ಷ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ದಿನಾಂಕವು ಕೀಲಿಯ ಸಂಖ್ಯೆಗಳೊಳಗೆ ಹೆಣೆದುಕೊಂಡಿಲ್ಲ. ಅದು ಕೀಲಿಗೆ ಲಗತ್ತಾಗಿರುವ ಒಂದು ಹೇಳಿಕೆ. ಒಡೆಯರೇ ತಮ್ಮ ರಹಸ್ಯ ಕೀಲಿಯಿಂದ ಸಹಿ ಮಾಡಿದ ಹೇಳಿಕೆ. ನಮ್ಮ ದೇಶದಲ್ಲಿ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೇರೆಗೆ ಲೆಕ್ಕಪರಿಶೋಧಕರೂ ಕಂಪೆನಿಗಳ ನಿರ್ದೇಶಕರೂ ಬಳಸುವ ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೂ ಎರಡು ಮೂರು ವರ್ಷಗಳ ಅವಧಿಯಿರುವುದು ನಿಮ್ಮಲ್ಲಿ ಕೆಲವರಿಗೆ ತಿಳಿದಿರಬಹುದು. ಅಲ್ಲಿ ಪ್ರಮಾಣಪತ್ರವನ್ನು ಕೊಡುವುದು ಪರವಾನಗಿ ಪಡೆದ ಸಂಸ್ಥೆ; ಅವಧಿ ತೀರಿದರೆ ಮತ್ತೆ ಅಂಥದೊಂದು ಸಂಸ್ಥೆಯ ಬಳಿಗೇ ಹೋಗಬೇಕು. ಓಪನ್‌ಪಿಜಿಪಿಯಲ್ಲಿ ಅಂಥ ಮಧ್ಯಸ್ಥರಿಲ್ಲ. ಅವಧಿಯನ್ನು ಗೊತ್ತುಮಾಡಿದವರು ಒಡೆಯರು. ಅದನ್ನು ಮುಂದೂಡುವವರೂ ಅವರೇ.

ಕೀಲಿಯ ಸ್ವರೂಪವನ್ನೂ ಅವಧಿಯ ಅರ್ಥವನ್ನೂ ನೋಡಿದೆವು. ಈಗ ಮೂರು ಸಂಗತಿಗಳಲ್ಲಿ ಮೊದಲನೆಯದಕ್ಕೆ ಬರೋಣ. ನಿಮ್ಮ ಸ್ವಂತ ಕೀಲಿಯ ದಿನಾಂಕವೇ ದಾಟಿಹೋಗಿದೆ. ಆಗ ಮಾಡತಕ್ಕದ್ದೇನು?

ಗಾಬರಿಗೆ ಕಾರಣವಿಲ್ಲ. ಅವಧಿ ತೀರಿದ ಮೇಲೂ ಅದನ್ನು ಮುಂದೂಡಬಹುದು. ರಹಸ್ಯ ಕೀಲಿ ನಿಮ್ಮಲ್ಲಿದ್ದು ಪಾಸ್‌ವರ್ಡ್ ನೆನಪಿದ್ದರೆ ಸಾಕು. ಥಂಡರ್‌ಬರ್ಡಿನಲ್ಲಿ ನಿಮ್ಮ ಖಾತೆಯ ಸೆಟ್ಟಿಂಗ್ಸ್ ಎಂಬ ಭಾಗಕ್ಕೆ ಹೋಗಿ, ಎನ್‌ಕ್ರಿಪ್ಷನ್ನಿಗೆ ಸಂಬಂಧಪಟ್ಟ ಪುಟವನ್ನು ತೆರೆದರೆ, ಅಲ್ಲಿ ನಿಮ್ಮ ಕೀಲಿಯೂ ಅದರ ಅವಧಿಯೂ ನಮೂದಾಗಿರುತ್ತವೆ. ದಿನಾಂಕವನ್ನು ಬದಲಿಸುವ ಗುಂಡಿಯೂ ಅಲ್ಲಿಯೇ ಇರುತ್ತದೆ. ಅದನ್ನು ಒತ್ತಿ ಹೊಸ ಅವಧಿಯನ್ನು ಆರಿಸಿದರೆ ನಿಮ್ಮ ಕಡೆಯ ಕೆಲಸ ಮುಗಿಯಿತು. ಹೊಸ ಕೀಲಿಯ ಅಗತ್ಯ ಬೀಳಲಿಲ್ಲ. ಹಳೆಯ ಕೀಲಿಯೇ, ಹೊಸ ಹೇಳಿಕೆಯೊಡನೆ, ಯಥಾಪ್ರಕಾರ ಮುಂದುವರಿಯಿತು.

ಗ್ನೂಪಿಜಿಯನ್ನು ನೇರವಾಗಿ ಬಳಸುವವರು ಮಾತ್ರ ಇನ್ನೊಂದು ಎಚ್ಚರವನ್ನು ವಹಿಸಬೇಕು. ನಾವು ಒಂದು ಕೀಲಿಯೆಂದು ಕರೆಯುವುದರಲ್ಲಿ ವಾಸ್ತವವಾಗಿ ಒಂದಕ್ಕಿಂತ ಹೆಚ್ಚು ಕೀಲಿಗಳಿರುತ್ತವೆ. ಮುಖ್ಯ ಕೀಲಿಯೊಂದು, ಅದು ಒಡೆಯರ ಗುರುತನ್ನು ಸಾರಿ ಸಹಿ ಮಾಡುತ್ತದೆ. ಅದರ ಕೆಳಗೆ ಉಪಕೀಲಿಯೊಂದು. ಪತ್ರಗಳನ್ನು ಮುಚ್ಚುವ ಕೆಲಸ ಅದರದು. ಇವೆರಡಕ್ಕೂ ಪ್ರತ್ಯೇಕವಾದ ದಿನಾಂಕಗಳಿರಬಹುದು. ಗ್ನೂಪಿಜಿಯ ಸಂಪಾದನಾ ಕ್ರಮದಲ್ಲಿ ಅವಧಿಯನ್ನು ಬದಲಿಸುವ ಆಜ್ಞೆಯನ್ನು ಕೊಟ್ಟಾಗ, ಉಪಕೀಲಿಯನ್ನು ಬೇರೆಯಾಗಿ ಆರಿಸಿರದಿದ್ದರೆ, ಮುಖ್ಯ ಕೀಲಿಯ ದಿನಾಂಕವಷ್ಟೇ ಬದಲಾಗುತ್ತದೆ. ಒಡೆಯರು ಕೆಲಸವಾಯಿತೆಂದು ಎದ್ದುಬಿಡುತ್ತಾರೆ. ಉಪಕೀಲಿ ಅವಧಿ ತೀರಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಬರೆಯುವವರ ಕಂಪ್ಯೂಟರು ಮತ್ತೆ ಅದೇ ದೂರನ್ನು ಹೇಳುತ್ತದೆ. ಕೀಲಿಯನ್ನು ನವೀಕರಿಸಿದ ಮೇಲೂ ತೊಂದರೆ ತಪ್ಪಲಿಲ್ಲವೆನ್ನುವವರು ಮೊದಲು ಪರೀಕ್ಷಿಸಬೇಕಾದ ಸ್ಥಳವಿದು.

ಕಂಪ್ಯೂಟರಿನ ಗಡಿಯಾರವನ್ನೂ ಒಮ್ಮೆ ನೋಡತಕ್ಕದ್ದು. ಗಡಿಯಾರ ವರ್ಷಗಟ್ಟಲೆ ಮುಂದೆ ಹೋಗಿದ್ದರೆ ಸರಿಯಾದ ಕೀಲಿಯೂ ಅವಧಿ ತೀರಿದಂತೆ ತೋರುತ್ತದೆ. ಹಿಂದೆ ಬಿದ್ದಿದ್ದರೆ, ಇಂದು ಮಾಡಿದ ಕೀಲಿ ಭವಿಷ್ಯದಲ್ಲಿ ಹುಟ್ಟಿದ್ದೆಂದು ತಂತ್ರಾಂಶ ಅದನ್ನು ತಿರಸ್ಕರಿಸುತ್ತದೆ.

ಅವಧಿ ತೀರಿದ ಕೀಲಿ ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದನ್ನು ಸಹ ಇಲ್ಲಿಯೇ ಹೇಳಿಬಿಡುತ್ತೇನೆ. ಅದರಿಂದ ಹೊಸ ಪತ್ರವನ್ನು ಮುಚ್ಚಲು ತಂತ್ರಾಂಶ ಒಪ್ಪುವುದಿಲ್ಲ. ಆದರೆ ಈ ಮೊದಲೇ ಮುಚ್ಚಿ ಬಂದ ಪತ್ರಗಳನ್ನು ರಹಸ್ಯ ಕೀಲಿಯು ಎಂದಿನಂತೆ ತೆರೆಯುತ್ತದೆ. ತೆರೆಯುವುದಕ್ಕೆ ಅವಧಿಯ ಕಟ್ಟಿಲ್ಲ. ಆದುದರಿಂದಲೇ ಹಳೆಯ ರಹಸ್ಯ ಕೀಲಿಯನ್ನು ಅಳಿಸಿಹಾಕುವುದು ಸಲ್ಲದು. ಅದನ್ನು ಅಳಿಸಿದ ದಿನವೇ ಹತ್ತು ವರ್ಷದ ಪತ್ರವ್ಯವಹಾರವೂ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ.

ಮೊದಲನೆಯ ಸಂಗತಿ ಮುಗಿಯಿತು: ದಿನಾಂಕ ದಾಟಿದ್ದರೆ ಮುಂದೂಡಬೇಕು, ಮುಖ್ಯ ಕೀಲಿಯನ್ನೂ ಉಪಕೀಲಿಯನ್ನೂ ಮುಂದೂಡಬೇಕು, ಯಾವುದನ್ನೂ ಅಳಿಸಬಾರದು. ಇನ್ನು ಎರಡನೆಯದು. ನನ್ನ ಅಭಿಪ್ರಾಯದಲ್ಲಿ ಮೂರರೊಳಗೆ ಅತ್ಯಂತ ಸಾಮಾನ್ಯವಾದದ್ದೂ, ಅತ್ಯಂತ ಕಡಿಮೆ ಅರ್ಥವಾಗಿರುವುದೂ ಇದೇ. ಕೀಲಿ ನವೀಕೃತವಾಗಿದೆ; ಆದರೆ ಇತರರ ಬಳಿಯಿರುವ ಅದರ ಪ್ರತಿ ಹಳೆಯದಾಗಿದೆ.

ಕಳೆದ ಸಂವತ್ಸರದ ಪಂಚಾಂಗವನ್ನು ಕೈಯಲ್ಲಿ ಹಿಡಿದು ಈ ವರ್ಷದ ಹಬ್ಬವನ್ನು ಹುಡುಕುವವರಿಗೆ ಹಬ್ಬ ಸಿಗುವುದಿಲ್ಲ. ಅದರಲ್ಲಿ ಸೂರ್ಯಚಂದ್ರರ ದೋಷವೇನೂ ಇಲ್ಲ. ಹಾಗೆಯೇ ಇದು. ನೀವು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಅವಧಿಯನ್ನು ಮೂರು ವರ್ಷ ಮುಂದೂಡಿದ ಮಾತ್ರಕ್ಕೆ, ಧಾರವಾಡದಲ್ಲಿರುವ ಮಿತ್ರರ ಕಂಪ್ಯೂಟರಿಗಾಗಲಿ, ಬರ್ಲಿನ್ನಿನಲ್ಲಿರುವ ಸಹೋದ್ಯೋಗಿಯ ಕಂಪ್ಯೂಟರಿಗಾಗಲಿ ಆ ವರ್ತಮಾನ ತಾನಾಗಿ ಮುಟ್ಟುವುದಿಲ್ಲ. ಅವರಲ್ಲಿರುವ ಪ್ರತಿಗೆ ಲಗತ್ತಾಗಿರುವುದು ಹಳೆಯ ಹೇಳಿಕೆ. ನವೀಕರಿಸಿದ ಬಹಿರಂಗ ಕೀಲಿಯನ್ನು ಅವರಿಗೆ ತಲಪಿಸುವುದು ನಿಮ್ಮ ಕರ್ತವ್ಯ. ಬಂದುದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಳ್ಳುವುದು ಅವರ ಕರ್ತವ್ಯ. ಹೊಸ ಪ್ರತಿಯನ್ನು ಸೇರಿಸಿದಾಗ ಹಳೆಯದನ್ನು ತೆಗೆದುಹಾಕಬೇಕಾದುದಿಲ್ಲ. ಎರಡೂ ಒಂದೇ ಕೀಲಿಯಾದುದರಿಂದ ತಂತ್ರಾಂಶವು ಅವನ್ನು ಕೂಡಿಸಿಕೊಂಡು ಹೊಸ ದಿನಾಂಕವನ್ನು ಮಾನ್ಯ ಮಾಡುತ್ತದೆ.

ತಲಪಿಸುವ ಮಾರ್ಗಗಳು ಮೂರು ನಾಲ್ಕಿವೆ. ಪತ್ರದೊಡನೆ ಲಗತ್ತಿಸಿ ಕಳಿಸುವುದು ಒಂದು. ತಮ್ಮ ಇಮೇಲಿನ ಡೊಮೇನಿನಲ್ಲಿಯೇ ಗೊತ್ತಾದ ಸ್ಥಳದಲ್ಲಿ ಕೀಲಿಯನ್ನು ಇರಿಸಿ ತಂತ್ರಾಂಶಗಳು ತಾವೇ ಹುಡುಕಿಕೊಳ್ಳುವಂತೆ ಮಾಡುವುದು ಇನ್ನೊಂದು. ಕೀಲಿ ಸರ್ವರುಗಳ ಮೂಲಕ ಹಂಚುವುದು ಮತ್ತೊಂದು. ಈ ಕಡೆಯ ಮಾರ್ಗಕ್ಕೆ ೨೦೧೯ರಲ್ಲಿ ಒಂದು ದೊಡ್ಡ ಆಘಾತವುಂಟಾಯಿತು. ಸರ್ವರುಗಳು ಏನನ್ನೂ ಅಳಿಸುವುದಿಲ್ಲವೆಂದು ಹಿಂದೆ ಹೇಳಿದೆನಷ್ಟೆ? ಆ ನಿಯಮವನ್ನೇ ಆಯುಧವಾಗಿ ಮಾಡಿಕೊಂಡು, ಯಾರೋ ದುಷ್ಟರು ರಾಬರ್ಟ್ ಹ್ಯಾನ್ಸನ್, ಡೇನಿಯಲ್ ಗಿಲ್‌ಮೋರ್ ಎಂಬ ಇಬ್ಬರು ಅನುಭವಿಗಳ ಬಹಿರಂಗ ಕೀಲಿಗಳಿಗೆ, ಕೀಲಿ ಇಂಥವರದೇ ಎಂದು ಪರರು ಸಾಕ್ಷಿಯಾಗಿ ಹಾಕುವಂಥ ಸಹಿಗಳನ್ನು ನಿರರ್ಥಕವಾಗಿ ರಾಶಿರಾಶಿಯಾಗಿ ಲಗತ್ತಿಸಿಬಿಟ್ಟರು. ಹ್ಯಾನ್ಸನ್ನರ ಕೀಲಿಯೊಂದಕ್ಕೇ ಸುಮಾರು ಒಂದೂವರೆ ಲಕ್ಷ ಸಹಿಗಳು. ಆ ಕೀಲಿಯನ್ನು ಸರ್ವರಿನಿಂದ ತರಿಸಿಕೊಂಡವರ ತಂತ್ರಾಂಶ ಭಾರ ತಾಳಲಾರದೆ ನಿಂತುಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ಗ್ನೂಪಿಜಿಯವರು, ಸರ್ವರಿನಿಂದ ಬಂದ ಪರರ ಸಹಿಗಳನ್ನು ಗಣನೆಗೆ ತೆಗೆದುಕೊಳ್ಳದಂತೆ ತಮ್ಮ ತಂತ್ರಾಂಶವನ್ನು ಮಾರ್ಪಡಿಸಿದರು. ಹಳೆಯ ಜಾಲದ ಮೇಲಿನ ಭರವಸೆ ಕುಂದಿತು; ೨೦೨೧ರಲ್ಲಿ ಅದರ ಸಾಮಾನ್ಯ ವಿಳಾಸವೂ ನಿಂತುಹೋಯಿತು.

ಇದು ನಮ್ಮ ವಿಷಯಕ್ಕೆ ಹೇಗೆ ಸಂಬಂಧಿಸಿತೆಂದರೆ, ಎಷ್ಟೋ ಹಳೆಯ ಕಂಪ್ಯೂಟರುಗಳಲ್ಲಿ ಕೀಲಿಗಳನ್ನು ತಾಜಾ ಮಾಡಿಕೊಳ್ಳುವುದಕ್ಕೆ ಆ ನಿಂತುಹೋದ ವಿಳಾಸವೇ ಇನ್ನೂ ನಮೂದಾಗಿರಬಹುದು. ತಂತ್ರಾಂಶ ಅಲ್ಲಿಗೆ ಹೋಗಿ ಕೇಳುತ್ತದೆ, ಉತ್ತರವಿಲ್ಲ, ಪ್ರತಿಗಳು ಹಳೆಯದಾಗುತ್ತಲೇ ಹೋಗುತ್ತವೆ. ಅಂಥವರು ವಿಳಾಸವನ್ನು ಬದಲಿಸಿಕೊಳ್ಳಬೇಕು. ೨೦೧೯ರಲ್ಲಿಯೇ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಎಂಬ ಹೊಸ ಸರ್ವರು ಪ್ರಾರಂಭವಾಗಿದೆ. ಅದು ಪರರ ಸಹಿಗಳನ್ನು ಹಂಚುವುದಿಲ್ಲ. ಇಮೇಲ್ ವಿಳಾಸ ನಿಮ್ಮದೇ ಎಂದು ನೀವು ಪತ್ರದ ಮೂಲಕ ದೃಢಪಡಿಸಿದ ಹೊರತು ಆ ವಿಳಾಸದಿಂದ ನಿಮ್ಮ ಕೀಲಿಯನ್ನು ಹುಡುಕಲು ಬಿಡುವುದೂ ಇಲ್ಲ. ಕೀಲಿಯನ್ನು ಅಲ್ಲಿಗೆ ಕಳಿಸಿ ದೃಢೀಕರಣದ ಪತ್ರದಲ್ಲಿರುವ ಕೊಂಡಿಯನ್ನು ಒತ್ತಲು ಮರೆತವರ ಕೀಲಿ, ವಿಳಾಸದಿಂದ ಹುಡುಕುವವರಿಗೆ ದೊರೆಯುವುದಿಲ್ಲ.

ಥಂಡರ್‌ಬರ್ಡನ್ನು ಬಹುಕಾಲದಿಂದ ಬಳಸುತ್ತಿರುವವರಿಗೆ ಇನ್ನೊಂದು ಮಾತು. ೨೦೨೦ಕ್ಕೆ ಮೊದಲು ಅದರಲ್ಲಿ ಗೂಢಲಿಪಿಯ ಸೌಕರ್ಯವನ್ನು ಒದಗಿಸುತ್ತಿದ್ದುದು ಎನಿಗ್‌ಮೇಲ್ ಎಂಬ ಬೇರೊಂದು ಜೋಡಣೆ. ಅದು ಗ್ನೂಪಿಜಿಯ ಕೀಲಿಗಳ ಸಂಗ್ರಹವನ್ನೇ ಬಳಸುತ್ತಿತ್ತು. ಆ ವರ್ಷ ಹೊರಬಂದ ೭೮ನೆಯ ಆವೃತ್ತಿಯಿಂದ ಥಂಡರ್‌ಬರ್ಡ್ ತನ್ನದೇ ಪ್ರತ್ಯೇಕ ಸಂಗ್ರಹವನ್ನು ಇಟ್ಟುಕೊಂಡಿತು. ಹಳೆಯ ಕೀಲಿಗಳನ್ನು ಒಮ್ಮೆ ಹೊಸ ಸಂಗ್ರಹಕ್ಕೆ ವರ್ಗಾಯಿಸುವ ಏರ್ಪಾಡನ್ನು ಎನಿಗ್‌ಮೇಲಿನವರು ಮಾಡಿಕೊಟ್ಟರು. ಆದರೆ ಆ ದಿನದಿಂದ ಎರಡು ಸಂಗ್ರಹಗಳೂ ಬೇರೆ ಬೇರೆ. ಗ್ನೂಪಿಜಿಯಲ್ಲಿ ಅವಧಿಯನ್ನು ಮುಂದೂಡಿದರೆ ಥಂಡರ್‌ಬರ್ಡಿಗೆ ತಿಳಿಯದು. ಇದರಲ್ಲಿ ಸೇರಿಸಿದ್ದು ಅದಕ್ಕೆ ತಿಳಿಯದು. ಒಂದೇ ಮೇಜಿನ ಮೇಲಿನ ಒಂದೇ ಕಂಪ್ಯೂಟರಿನಲ್ಲಿ ಒಂದು ಪ್ರತಿ ಹೊಸದು, ಒಂದು ಪ್ರತಿ ಹಳೆಯದು. ನವೀಕರಿಸಿದ ಕೀಲಿಯನ್ನು ಒಂದರಿಂದ ಫೈಲಾಗಿ ಹೊರತೆಗೆದು ಇನ್ನೊಂದರೊಳಗೆ ಸೇರಿಸುವುದೇ ಇದಕ್ಕೆ ಪರಿಹಾರ. ಅನ್ಯರ ಹೊಸ ಕೀಲಿಯೊಂದನ್ನು ಮೊದಲ ಸಲ ಸೇರಿಸಿದಾಗ, ಅದನ್ನು ಸ್ವೀಕರಿಸುವಿರೋ ಇಲ್ಲವೋ ಎಂದು ಥಂಡರ್‌ಬರ್ಡ್ ಕೇಳುತ್ತದೆ. ಇನ್ನೂ ನಿರ್ಧರಿಸಿಲ್ಲವೆಂದು ಬಿಟ್ಟರೆ, ಕೀಲಿ ಪಟ್ಟಿಯಲ್ಲಿದ್ದರೂ ಬಳಕೆಗೆ ಬಾರದು.

ದಿನಾಂಕವನ್ನು ನೋಡಿದೆವು, ಪ್ರತಿಯನ್ನು ನೋಡಿದೆವು. ಮೂರನೆಯದು ವಿಧಾನ. ದಿನಾಂಕ ಸರಿಯಾಗಿದ್ದು ಪ್ರತಿಯೂ ಹೊಸದಾಗಿದ್ದು, ಕೀಲಿಯ ಹಿಂದಿನ ಗಣಿತವೇ ಕಾಲಕ್ಕೆ ಸೋತಿರುವ ಸಂದರ್ಭವಿದು.

ಆರ್‌ಎಸ್‌ಎ ಪದ್ಧತಿಯ ಬಲವೆಲ್ಲ ಒಂದು ಬೃಹತ್ ಸಂಖ್ಯೆಯನ್ನು ಅದರ ಎರಡು ಅಪವರ್ತನಗಳಾಗಿ ಬಿಡಿಸುವುದು ದುಸ್ಸಾಧ್ಯವೆಂಬುದರ ಮೇಲೆ ನಿಂತಿದೆ. ದುಸ್ಸಾಧ್ಯವೆಂಬುದು ಕಂಪ್ಯೂಟರುಗಳ ವೇಗದೊಡನೆ ಬದಲಾಗುತ್ತದೆ. ೨೦೦೯ರ ಕೊನೆಗೆ ಸಂಶೋಧಕರ ತಂಡವೊಂದು ೭೬೮ ಬಿಟ್ಟುಗಳ, ಅಂದರೆ ಸುಮಾರು ೨೩೦ ಅಂಕೆಗಳುಳ್ಳ ಸಂಖ್ಯೆಯನ್ನು ಬಿಡಿಸಿ ತೋರಿಸಿತು. ೧೯೯೦ರ ದಶಕದ ಕೀಲಿಗಳಲ್ಲಿ ಬಹಳಷ್ಟು ೧೦೨೪ ಬಿಟ್ಟುಗಳವು. ಅವುಗಳ ಕಾಲ ಮುಗಿಯಿತೆಂದು ತಿಳಿದ ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಸಮುದಾಯದವರು ೨೦೧೫ರ ಆರಂಭದಲ್ಲಿ ತಮ್ಮ ಸದಸ್ಯರ ಅಂಥ ಚಿಕ್ಕ ಕೀಲಿಗಳನ್ನು ತಮ್ಮ ಸಂಗ್ರಹದಿಂದ ತೆಗೆದೇಹಾಕಿದರು. ಇಂಥ ಕೀಲಿಯ ಅವಧಿಯನ್ನು ಮುಂದೂಡುವುದರಿಂದ ಪ್ರಯೋಜನವಿಲ್ಲ. ಇಲ್ಲಿ ಮಾತ್ರ ಹೊಸ ಕೀಲಿಯನ್ನೇ ಮಾಡಿಕೊಳ್ಳಬೇಕು.

ಸಹಿಯ ವಿಧಾನಕ್ಕೂ ಇದೇ ಗತಿ. ಬಹುಕಾಲ ಬಳಕೆಯಲ್ಲಿದ್ದ ಎಸ್‌ಎಚ್‌ಎ-೧ ಎಂಬ, ಸಹಿಗೆ ಮುನ್ನ ಕಡತವನ್ನು ಚಿಕ್ಕ ಸಾರಾಂಶವಾಗಿ ಇಳಿಸುವ ವಿಧಾನದಲ್ಲಿ, ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಸಾರಾಂಶ ಬರುವಂತೆ ಮಾಡಬಹುದೆಂದು ಆಮ್‌ಸ್ಟರ್‌ಡಾಮಿನ ಗಣಿತ ಸಂಸ್ಥೆಯವರೂ ಗೂಗಲ್ಲಿನವರೂ ೨೦೧೭ರಲ್ಲಿ ಮಾಡಿ ತೋರಿಸಿದರು. ಮೂರು ವರ್ಷಗಳ ತರುವಾಯ ಲೂರಾಂ, ಪೇರಾಂ ಎಂಬ ಇಬ್ಬರು ವಿದ್ವಾಂಸರು ಆ ದೌರ್ಬಲ್ಯವನ್ನು ಓಪನ್‌ಪಿಜಿಪಿಯ ಕೀಲಿಗಳ ಮೇಲೆಯೇ ಪ್ರಯೋಗಿಸಿ, ಒಬ್ಬರ ಕೀಲಿಗೆ ದೊರೆತ ಸಹಿಯನ್ನು ಇನ್ನೊಬ್ಬರ ಹೆಸರಿನ ಕೀಲಿಗೆ ಹೊಂದಿಸಬಹುದೆಂದು ಸಾಧಿಸಿದರು. ಅಂದಿನಿಂದ ತಂತ್ರಾಂಶಗಳು ಈ ಹಳೆಯ ವಿಧಾನದ ಸಹಿಗಳನ್ನು ಮೆಲ್ಲಮೆಲ್ಲನೆ ನಿರಾಕರಿಸುತ್ತ ಬಂದಿವೆ. ತಂತ್ರಾಂಶದ ಹೊಸ ಆವೃತ್ತಿಯನ್ನು ಹಾಕಿಕೊಂಡ ಮರುದಿನವೇ ಚೆನ್ನಾಗಿದ್ದ ಕೀಲಿ ಅಮಾನ್ಯವಾಯಿತೆಂದು ದೂರುವವರು ಇದನ್ನು ಶಂಕಿಸಬೇಕು. ಕೀಲಿಯ ಸಂಖ್ಯೆಗಳು ದೊಡ್ಡವಾಗಿದ್ದು ಅದಕ್ಕೆ ಲಗತ್ತಾದ ಸ್ವಂತ ಸಹಿ ಮಾತ್ರ ಹಳೆಯ ವಿಧಾನದ್ದಾಗಿದ್ದರೆ, ಉಪಾಯ ಸುಲಭ. ಹೊಸ ತಂತ್ರಾಂಶದಲ್ಲಿ ಅವಧಿಯನ್ನು ಒಮ್ಮೆ ಬದಲಿಸಿದರೆ ಹೇಳಿಕೆ ಹೊಸದಾಗಿ, ಹೊಸ ವಿಧಾನದಲ್ಲಿ ಬರೆಯಲ್ಪಡುತ್ತದೆ. ಆ ಪ್ರತಿಯನ್ನು ಮಿತ್ರರಿಗೆ ಕಳಿಸಿದರೆ ಆಯಿತು.

ಅತಿ ಹಳೆಯ, ಪಿಜಿಪಿಯ ಮೊದಲ ಕಾಲದ ಕೀಲಿಗಳನ್ನು ಗ್ನೂಪಿಜಿಯ ೨.೧ನೆಯ ಆವೃತ್ತಿಯಿಂದೀಚೆಗೆ ಬಳಸಲಾಗುವುದೇ ಇಲ್ಲ. ಆ ಕಾಲದ ಪತ್ರಗಳನ್ನು ಓದಬೇಕಾದವರಿಗಾಗಿ ೧.೪ರ ಸರಣಿಯನ್ನು ಉಳಿಸಿಕೊಂಡಿದ್ದಾರೆ. ಹಳೆಯದನ್ನು ಓದುವುದಕ್ಕೆ ಹಳೆಯ ತಂತ್ರಾಂಶ, ಹೊಸದನ್ನು ಬರೆಯುವುದಕ್ಕೆ ಹೊಸ ತಂತ್ರಾಂಶ ಎಂಬ ವಿಭಾಗ ಇಲ್ಲಿ ಉಚಿತ.

ಮೂರೂ ಸಂಗತಿಗಳನ್ನು ಹೇಳಿದ್ದಾಯಿತು. ದಿನಾಂಕ ದಾಟಿದ್ದರೆ ಮುಂದೂಡಿರಿ. ಪ್ರತಿ ಹಳೆಯದಾಗಿದ್ದರೆ ಹೊಸ ಪ್ರತಿಯನ್ನು ತರಿಸಿಕೊಳ್ಳಿರಿ. ವಿಧಾನ ಸೋತಿದ್ದರೆ ಸಹಿಯನ್ನು ಹೊಸದು ಮಾಡಿರಿ, ಇಲ್ಲವೆ ಕೀಲಿಯನ್ನು ಬದಲಿಸಿರಿ. ಆದರೆ ಈ ಕಡೆಯ ಮಾತಿನಲ್ಲಿ ಅಪಾಯವೊಂದಿದೆ. ಅದನ್ನು ತಿಳಿಸದೆ ಭಾಷಣವನ್ನು ಮುಗಿಸಲಾರೆ.

ನನ್ನ ಹಳೆಯ ಕೀಲಿಯ ಅವಧಿ ತೀರಿತು, ಇಗೋ ಹೊಸ ಕೀಲಿ, ಇನ್ನು ಮುಂದೆ ಇದನ್ನೇ ಬಳಸಿರಿ ಎಂಬ ಪತ್ರ ನಿಮ್ಮ ಮಿತ್ರರಿಂದ ಬಂದಿತೆನ್ನಿ. ಅದು ಮಿತ್ರರದೇ ಎಂದು ಹೇಗೆ ತಿಳಿಯುವುದು? ಕೀಲಿಯ ಮೇಲೆ ಯಾರ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಕೀಲಿಯನ್ನು ಎಂಟು ಅಕ್ಷರಗಳ ಚಿಕ್ಕ ಗುರುತಿನಿಂದ ಪತ್ತೆ ಮಾಡುವ ರೂಢಿ ಹಿಂದೆ ಇದ್ದಿತು. ಎಂಟು ಅಕ್ಷರಗಳಲ್ಲಿ ಸಾಧ್ಯವಿರುವ ಗುರುತುಗಳು ಸುಮಾರು ೪೩೦ ಕೋಟಿ. ಕೇಳುವುದಕ್ಕೆ ದೊಡ್ಡ ಸಂಖ್ಯೆಯಾದರೂ ಇಂದಿನ ಕಂಪ್ಯೂಟರಿಗೆ ಅಲ್ಪವೇ. ೨೦೧೪ರಲ್ಲಿ ಇಬ್ಬರು ಸಂಶೋಧಕರು, ಪರಸ್ಪರ ಸಹಿಗಳಿಂದ ಬೆಸೆದುಕೊಂಡಿದ್ದ ಸುಮಾರು ೨೪,೦೦೦ ಕೀಲಿಗಳಿಗೆ ಅದೇ ಚಿಕ್ಕ ಗುರುತುಳ್ಳ ನಕಲಿಗಳನ್ನು ಮಾಡಿ ತೋರಿಸಿ ಎಚ್ಚರಿಸಿದರು. ಅಲ್ಲಿಂದ ಎರಡು ವರ್ಷಕ್ಕೆ, ಲಿನಕ್ಸಿನ ಕರ್ತೃ ಲಿನಸ್ ಟೋರ್ವಾಲ್ಡ್ಸರ ಹೆಸರಿನ ನಕಲಿ ಕೀಲಿಯೊಂದು ಸರ್ವರುಗಳಲ್ಲಿ ಕಾಣಿಸಿಕೊಂಡಿತು.

ಆದುದರಿಂದ ನೋಡಬೇಕಾದದ್ದು ಕೀಲಿಯ ಪೂರ್ಣ ಗುರುತಾದ ಫಿಂಗರ್‌ಪ್ರಿಂಟ್. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಕೀಲಿಗಳಲ್ಲಿ ಅದು ೪೦ ಅಕ್ಷರಗಳದು; ನಾಲ್ಕು ನಾಲ್ಕರಂತೆ ಹತ್ತು ಗುಂಪುಗಳಾಗಿ, ಸೊನ್ನೆಯಿಂದ ಒಂಬತ್ತರವರೆಗಿನ ಅಂ‌ಕೆಗಳೂ ಇಂಗ್ಲಿಷಿನ ಮೊದಲ ಆರು ಅಕ್ಷರಗಳೂ ಕಲೆತು ಬಂದಿರುತ್ತವೆ. ಮಿತ್ರರಿಗೆ ಟೆಲಿಫೋನ್ ಮಾಡಿ, ಅವರು ಓದಲಿ, ನೀವು ನಿಮ್ಮ ಪರದೆಯ ಮೇಲೆ ಒಂದೊಂದು ಗುಂಪನ್ನೂ ತಾಳೆ ನೋಡಿರಿ. ಎರಡು ನಿಮಿಷದ ಕೆಲಸ. ಹೊಸ ಕೀಲಿಯ ಪ್ರಕಟಣೆಗೆ ಹಳೆಯ ಕೀಲಿಯಿಂದಲೂ ಹೊಸದರಿಂದಲೂ ಸಹಿ ಮಾಡಿ ಕಳಿಸುವುದು ಅನುಭವಸ್ಥರ ಪದ್ಧತಿ. ಅದರಿಂದ ಎರಡೂ ಒಂದೇ ಕೈಯಲ್ಲಿವೆಯೆಂಬುದಕ್ಕೆ ಸಾಕ್ಷಿ ದೊರೆತಂತಾಗುತ್ತದೆ. ಬರಿಯ ಅವಧಿಯ ವಿಸ್ತರಣೆಯಲ್ಲಿ ಈ ಶ್ರಮವಿಲ್ಲ, ಏಕೆಂದರೆ ಫಿಂಗರ್‌ಪ್ರಿಂಟ್ ಬದಲಾಗುವುದಿಲ್ಲ. ಅನಾವಶ್ಯಕವಾಗಿ ಹೊಸ ಕೀಲಿಗಳನ್ನು ಮಾಡುತ್ತ ಹೋಗಬಾರದೆಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಅವಧಿ ತೀರುವುದಕ್ಕೂ ಕೀಲಿಯನ್ನು ರದ್ದುಗೊಳಿಸುವುದಕ್ಕೂ ಇರುವ ಭೇದವನ್ನು ಸಹ ತಿಳಿದಿರಬೇಕು. ಅವಧಿ ತೀರಿದ್ದನ್ನು ಮುಂದೂಡಬಹುದು. ರದ್ದಾದದ್ದು ಮರಳಿ ಊರ್ಜಿತವಾಗದು. ರಹಸ್ಯ ಕೀಲಿ ಪರರ ಕೈಗೆ ಬಿದ್ದಾಗ ದಿನಾಂಕಕ್ಕೆ ಕಾಯದೆ ರದ್ದು ಮಾಡಬೇಕು. ೨೦೧೭ರಲ್ಲಿ ಅಡೋಬಿ ಕಂಪೆನಿಯ ಸುರಕ್ಷತಾ ವಿಭಾಗದವರು ತಮ್ಮ ಬಹಿರಂಗ ಕೀಲಿಯನ್ನು ಪ್ರಕಟಿಸುವಾಗ ಅದರೊಡನೆ ರಹಸ್ಯ ಕೀಲಿಯನ್ನೂ ಪ್ರಕಟಿಸಿಬಿಟ್ಟು, ಒಡನೆಯೇ ಅದನ್ನು ರದ್ದುಗೊಳಿಸಿ ಬೇರೆ ಕೀಲಿಯನ್ನು ಮಾಡಿಕೊಳ್ಳಬೇಕಾಯಿತು. ಇದಕ್ಕೆ ಬೇಕಾದ ರದ್ದತಿ ಪತ್ರವನ್ನು ಗ್ನೂಪಿಜಿಯ ಈಚಿನ ಆವೃತ್ತಿಗಳು ಕೀಲಿ ಹುಟ್ಟಿದ ದಿನವೇ ತಯಾರಿಸಿಡುತ್ತವೆ. ಅದನ್ನು ಕಂಪ್ಯೂಟರಿನಿಂದ ಹೊರಗೆ, ಪೆನ್‌ಡ್ರೈವಿನಲ್ಲಿಯೋ ಕಾಗದದ ಮೇಲೋ, ಭದ್ರವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಪಾಸ್‌ವರ್ಡನ್ನು ಮರೆತವರಿಗೂ ಅದೊಂದೇ ಗತಿ.

ಶ್ರೋತೃಗಳೇ, ಇಷ್ಟೆಲ್ಲ ಕೇಳಿದ ಮೇಲೆ ಇದು ಸಾಮಾನ್ಯರಿಗೆ ಸಾಧ್ಯವೇ ಎಂದು ನಿಮಗೆ ಅನ್ನಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ೧೯೯೯ರಲ್ಲಿ ಆಲ್ಮಾ ವಿಟನ್, ಡಗ್ ಟೈಗರ್ ಎಂಬಿಬ್ಬರು ಹನ್ನೆರಡು ಮಂದಿಗೆ ಅಂದಿನ ಪಿಜಿಪಿಯನ್ನು ಕೊಟ್ಟು, ಒಂದೂವರೆ ಗಂಟೆಯ ಅವಧಿಯಲ್ಲಿ ಪತ್ರವೊಂದಕ್ಕೆ ಸಹಿ ಮಾಡಿ ಮುಚ್ಚಿ ಕಳಿಸುವಂತೆ ಕೇಳಿದಾಗ, ಸರಿಯಾಗಿ ಮಾಡಿದವರು ಮೂರನೆಯ ಒಂದು ಪಾಲು ಮಾತ್ರ. ಅವರೆಲ್ಲ ಇಮೇಲನ್ನು ಬಲ್ಲವರೇ ಆಗಿದ್ದರು. ಅಂದಿಗಿಂತ ಇಂದು ತಂತ್ರಾಂಶ ಎಷ್ಟೋ ಸರಳವಾಗಿದೆ. ಆದರೂ ಒಂದು ಭಾಗವನ್ನು ಯಾವ ತಂತ್ರಾಂಶವೂ ಪೂರ್ಣವಾಗಿ ತನ್ನ ಮೇಲೆ ಹಾಕಿಕೊಳ್ಳಲಾರದು. ಈ ಕೀಲಿ ಇನ್ನೂ ನನ್ನದೇ ಎಂದು ಆಗಾಗ ಹೇಳುವ ಒಡೆಯರೂ, ಇದು ಇನ್ನೂ ಅವರದೇ ಎಂದು ಆಗಾಗ ವಿಚಾರಿಸುವ ಮಿತ್ರರೂ ಇರಬೇಕು. ನಡುವೆ ಯಾವ ಕಚೇರಿಯೂ ಬೇಡವೆಂದು ಮಾಡಿದ ಪದ್ಧತಿಯಲ್ಲಿ, ಕಚೇರಿ ಮಾಡುತ್ತಿದ್ದ ಕೆಲಸವನ್ನು ನಾವೇ ಹಂಚಿಕೊಂಡು ಮಾಡಬೇಕಾಗುತ್ತದೆ.

ಕಡೆಯದಾಗಿ, ತೊಡಕು ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಕ್ರಮವಾಗಿ ಹೇಳುತ್ತೇನೆ. ಅವಧಿ ತೀರಿದೆಯೆಂದು ತಂತ್ರಾಂಶ ಹೇಳುತ್ತಿರುವ ಕೀಲಿ ಯಾರದು, ನನ್ನದೋ ಅವರದೋ? ಕಂಪ್ಯೂಟರಿನ ಗಡಿಯಾರ ಸರಿಯಾಗಿದೆಯೇ? ನನ್ನದಾದರೆ, ಉಪಕೀಲಿಯ ದಿನಾಂಕವನ್ನೂ ನೋಡಿದೆನೇ? ಅವರದಾದರೆ, ನನ್ನಲ್ಲಿರುವ ಪ್ರತಿ ಹೊಸದೇ? ಎರಡೂ ಸರಿಯಾಗಿದ್ದರೆ, ಕೀಲಿಯ ವಿಧಾನ ಇಂದಿನ ಕಾಲಕ್ಕೆ ತಕ್ಕುದೇ? ಈ ಕ್ರಮವನ್ನು ತಪ್ಪದೆ ಅನುಸರಿಸಿದವರು ಹೊಸ ಕೀಲಿಯವರೆಗೆ ಹೋಗುವ ಸಂದರ್ಭ ವಿರಳ.

ನಿಮ್ಮಲ್ಲಿ ಯಾರಾದರೂ ಇಂಥ ಕೀಲಿಯನ್ನು ಬಳಸುತ್ತಿದ್ದರೆ, ಅದರ ದಿನಾಂಕವನ್ನು ಇಂದೇ ನೋಡಿ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿನ ದಿನಕ್ಕೆ ಗುರುತು ಹಾಕಿಕೊಳ್ಳಿರಿ. ಆ ದಿನ ಅವಧಿಯನ್ನು ಮುಂದೂಡಿ, ಹೊಸ ಪ್ರತಿಯನ್ನು ಮಿತ್ರರಿಗೆಲ್ಲ ಕಳಿಸಿರಿ. ಉಳಿದ ತಿಂಗಳು ಅವರಿಗೆ ಅದನ್ನು ಸೇರಿಸಿಕೊಳ್ಳುವುದಕ್ಕೆ ಸಾಕಾಗುತ್ತದೆ.